ಏಳು ‘ಪಾಪ’ಗಳು

ಮಾನ್ ಬಾಕ್‌ನ ಪುರಾತನ ಸ್ಮಶಾನದ ಒಂಬತ್ತನೇ ಗೋರಿಯಲ್ಲಿ ಸಿಕ್ಕ ಯುವಕನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆಗೆ ಓಟವಿದೆ. ಆದರೂ ಈ ಸಲ ಹಾಕುತ್ತಿಲ್ಲ. ಎರಡು ದಿನದಿಂದ ತಲೆ ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: “ಪಾಪ, ಆ ನತದೃಷ್ಟ ಯುವಕ ನೋವಿನಲ್ಲೇ ಬಾಳು ಸವೆಸಿದ.” ಇದನ್ನು ನಿಮಗೆ ಹೇಳಿದ್ದು ಯಾರು? ಎಲುಬು ಹೇಳುವುದು ಬೇರೆ. ಕತ್ತಿನಿಂದ ಬೆನ್ನಿನ ಮೇಲ್ಭಾಗದವರೆಗೆ ಮೂಳೆಗಳು ಒಂದಕ್ಕೊಂದು ಬೆಸೆದಿವೆ. ಹುಟ್ಟಿನಿಂದಲೇ ಬರುವ ಕ್ಲಿಪೆಲ್-ಫೀಲ್ ಸಿಂಡ್ರೋಮ್. ಕೈಕಾಲಿನ ಎಲುಬು ಬಳಕೆಯಿಲ್ಲದೆ ಸಣಕಲಾಗಿವೆ. ಹದಿಹರೆಯಕ್ಕೇ ಕಾಲಿನ ಸ್ವಾಧೀನ ಹೋಗಿದೆ, ಕೈಯೂ ಅಷ್ಟಕ್ಕಷ್ಟೆ. ಆಮೇಲೂ ಹತ್ತು ವರ್ಷದಷ್ಟು ಬದುಕಿದ್ದಾನೆ! ಉತ್ತರ ವಿಯೆಟ್ನಾಂನಲ್ಲಿ, ಸುಮಾರು 4000 ವರ್ಷದ ಹಿಂದೆ, ಲೋಹವೇ ಇಲ್ಲದ ಊರಲ್ಲಿ. ಇಷ್ಟನ್ನೂ ಆರನೇ ಪ್ಯಾರಾದಲ್ಲಿ ಒಂದೇ ವಾಕ್ಯಕ್ಕೆ ತುರುಕಿದ್ದೀರಿ.

ಮುಂದಿನ ಸಾಲು: “ತಾಯಿಯ ಮಮತೆಯ ಮಡಿಲೇ ಅವನಿಗೆ ಆಸರೆ.” ಯಾವ ತಾಯಿ? ಅವಳು ಎಲ್ಲಿಂದ ಬಂದಳು? ಪುರಾತತ್ವ ಸಂಶೋಧಕರಾದ ಲೋರ್ನಾ ಟಿಲಿ ಮತ್ತು ಮಾರ್ಕ್ ಆಕ್ಸೆನ್‌ಹ್ಯಾಮ್ 2011ರಲ್ಲಿ ಇವನ ಬಗ್ಗೆ ಬರೆದಾಗ ಹಿಡಿದುಕೊಂಡಿದ್ದು ಆರೈಕೆಯ ಕೆಲಸವನ್ನು. ಇವನು ಬದುಕಬೇಕಾದರೆ ಯಾರೋ ತಿನ್ನಿಸಬೇಕು, ತೊಳೆಯಬೇಕು, ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ದಿನಾ. ಬೇಟೆ, ಮೀನು ಅಂತ ಎಲ್ಲರೂ ಹೊರಟ ದಿನವೂ ಒಬ್ಬರು ಉಳಿಯಬೇಕು. ಅದನ್ನು ಬರೆದರೆ ಮಮತೆ ಅನ್ನುವ ಪದವೇ ಬೇಡ, ಅಲ್ವಾ?

“ಗರ್ಭದ ಕೂಸಿನಂತೆ ಭೂತಾಯಿಗೆ ಒಪ್ಪಿಸಿದರು” ಎಂಬುದಂತೂ ಸುಮ್ನೆ ಅಲಂಕಾರ. ಅಲ್ಲಿ ಉಳಿದವರನ್ನು ಅಂಗಾತ, ಕಾಲು ಚಾಚಿ ಹೂಳುತ್ತಿದ್ದರು. ಇವನು ಮಾತ್ರ ಮುದುಡಿದ್ದಾನೆ. ಬದುಕಿದ್ದಾಗಲೂ ಹಾಗೇ ಮಲಗುತ್ತಿದ್ದನೇನೋ. ಹಾಗಿದ್ದರೆ ಸತ್ತ ಮೇಲೂ ಅವನ ಮೈಯನ್ನು ಯಾರೂ ನೆಟ್ಟಗೆ ಮಾಡಲು ಹೋಗಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ಭೂತಾಯಿ ನುಂಗಿಬಿಟ್ಟಳು.

ನಾನೂ ಕಮ್ಮಿಯೇನಲ್ಲ. ಪತ್ರಿಕೆಗೆ ಸೇರಿದ ಹೊಸದರಲ್ಲಿ, ಲಕ್ವ ಹೊಡೆದ ಒಬ್ಬ ನೇಕಾರರ ಬಗ್ಗೆ ಬರೆದಿದ್ದೆ. ಪಾಪ, ಅಯ್ಯೋ, ಕಣ್ಣೀರು, ಎಲ್ಲ ಇತ್ತು. ಡೆಸ್ಕಿನ ಹಿರಿಯರು ಓದಿ ಒಂದೇ ಪ್ರಶ್ನೆ ಕೇಳಿದರು: “ಇವರಿಗೆ ಊಟ ಮಾಡಿಸೋದು ಯಾರು?” ನಾನು ಕೇಳಿಯೇ ಇರಲಿಲ್ಲ. ಮಾರನೇ ದಿನ ನನ್ನ ದುಡ್ಡಲ್ಲೇ ಬಸ್ಸು ಹತ್ತಿ ಹೋದೆ. ಪಕ್ಕದ ಮನೆಯ ಸೊಸೆ, ಬೀಡಿ ಕಟ್ಟಲು ಕೂರುವ ಮುಂಚೆ ಬಂದು ಗಂಜಿ ಕುಡಿಸುತ್ತಿದ್ದಳು. ವರದಿ ಅಲ್ಲಿಂದ ಶುರುವಾಯಿತು.

ನಿಮ್ಮಲ್ಲಿ ಏಳು ‘ಪಾಪ’ ಇವೆ, ಎಣಿಸಿದ್ದೇನೆ. ಏಳನ್ನೂ ಹೊಡೆದುಹಾಕಿ, ಆರನೇ ಪ್ಯಾರಾ ಮೇಲಕ್ಕೆ ತಂದು, ಮತ್ತೆ ಕಳಿಸಿ.