ಸಪುಂಡುಗೆ ಎರಡನೇ ಕೋಟ್ ಎಣ್ಣೆ ಬೇಡ

ಕೆತ್ತಿದ ಹಳೆಯ ಮರದ ಕಂಬದ ಫೋಟೋ ಹಾಕಿ, ಅದನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಅಗಸೆ ಎಣ್ಣೆ ಹಚ್ಚಿದ್ದಾಗಿ ಹೇಳಿ, "ಹೊಳಪು ಬಂತು, ಇನ್ನೊಂದು ಕೋಟ್ ಹಾಕಲಾ" ಅಂತ ಕೇಳಿದ್ದೀರಿ. ಬೇಡ ಸರ್. ಆ ಪೋಸ್ಟ್‌ಗೆ ಲೈಕ್ ಒತ್ತಿದವರಿಗೂ ಇದೇ ಮಾತು.

ಫೋಟೋದಲ್ಲಿರೋದು ಸಪುಂಡು. ಇಂಡೊನೇಷ್ಯಾದ ಮಧ್ಯ ಕಾಲಿಮಂತಾನಿನ ನ್ಗಾಜು ದಾಯಕ್ ಬುಡಕಟ್ಟಿನವರು ತಿವಾದಲ್ಲಿ, ಅಂದರೆ ಸತ್ತವರ ಮೂಳೆಗಳನ್ನು ಸಾಂಡುಂಗ್ ಎಂಬ ಮೂಳೆಮನೆಗೆ ಸೇರಿಸುವ ಎರಡನೇ ಅಂತ್ಯಕ್ರಿಯೆಯಲ್ಲಿ, ಬಲಿಯ ಕೋಣ ಕಟ್ಟುವ, ಮನುಷ್ಯಾಕೃತಿ ಕೆತ್ತಿದ ಕಂಬ. ಅವರ ಮೂಲ ಧರ್ಮವಾದ ಕಾಹಾರಿಂಗನ್ ಅನ್ನು 1980ರಲ್ಲಿ ಅಲ್ಲಿ ಹಿಂದೂ ಧರ್ಮದ ಲೆಕ್ಕಕ್ಕೆ ಸೇರಿಸಿದರು ನಿಜ. ಅದಕ್ಕಾಗಿ ಕಂಬಕ್ಕೆ ಎಣ್ಣೆ ಅಭ್ಯಂಜನ ಮಾಡಿಸಬೇಡಿ. ಬಲಿಯ ರಕ್ತದ ಕಲೆ ಇದ್ದರೂ ಇರಬಹುದು, ಅದನ್ನೂ ಉಜ್ಜಬಾರದು.

ಮರ ಉಲಿನ್ (ಅಲ್ಲಿನ ಕಬ್ಬಿಣದಂಥ ಗಟ್ಟಿ ಮರ) ಆಗಿದ್ದರೆ ನೀರಲ್ಲಿ ಮುಳುಗುವಷ್ಟು ಭಾರ. ಎಣ್ಣೆಯ ರಕ್ಷಣೆ ಅದಕ್ಕೆ ಬೇಕಿಲ್ಲ. ಅದರ ವಯಸ್ಸು, ಬಯಲಲ್ಲಿ ನಿಂತ ರೀತಿ ಎಲ್ಲ ಇರೋದು ಮೇಲ್ಮೈಯಲ್ಲೇ. ಮಳೆ ಬಡಿದ ತಲೆ, ಭುಜ, ಮೂಗು ಸವೆದು ಎಳೆಗಳು ಏಣು ಎದ್ದಿರುತ್ತವೆ. ಗದ್ದದ ಕೆಳಗೆ, ಕಂಕುಳಲ್ಲಿ ಉಳಿಯ ಗುರುತು ಉಳಿದಿರುತ್ತದೆ. ಒಂದು ಮಗ್ಗುಲು ಜಾಸ್ತಿ ಸವೆದಿರುತ್ತದೆ, ಬುಡದಲ್ಲಿ ಮಣ್ಣಿನ ಮಟ್ಟಕ್ಕೆ ಕೊಳೆತ ಗೆರೆ. ಗದ್ದದ ಕೆಳಗೂ ತಲೆಯಷ್ಟೇ ಸವೆದಿದ್ದರೆ ಮೊದಲು ಅನುಮಾನ ಪಡಿ: ಹೊಸದನ್ನು ಹಳೆಯದು ಮಾಡಲು ತಂತಿ ಬ್ರಷ್ಷೋ ಆಸಿಡ್ಡೋ ಬಳಸಿರುತ್ತಾರೆ. ನೀವೀಗ ಅಸಲಿಯನ್ನೇ ನಕಲಿಯಂತೆ ಮಾಡಿದ್ದೀರಿ. ಮುರಿದ ತಂತಿ ಎಳೆ ಒಳಗೆ ಉಳಿದಿದ್ದರೆ ಚಿಮಟದಲ್ಲಿ ತೆಗೆಯಿರಿ, ಇಲ್ಲವಾದರೆ ತುಕ್ಕಿನ ಕಲೆ.

ಎಣ್ಣೆ ಇನ್ನೂ ಅಂಟಂಟಾಗಿದ್ದರೆ ನೂಲು ಬಿಡದ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಣಗಿದ್ದರೆ ಬಿಟ್ಟುಬಿಡಿ, ಕೆರೆದರೆ ಮರವೂ ಬರುತ್ತದೆ. ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನೇ ಹೊತ್ತಿಕೊಳ್ಳಬಹುದು, ನೀರಲ್ಲಿ ಅದ್ದಿಡಿ.

ಮುಂದಕ್ಕೆ ಮೆತ್ತನೆ ಬ್ರಷ್, ಬಾಯಿಗೆ ಜಾಲರಿ ಕಟ್ಟಿದ ವ್ಯಾಕ್ಯೂಮ್, ಅಷ್ಟೇ. ಕಲ್ಲುಹೂವು ಇರಲಿ. ಪುಡಿಯಾಗುವ ಜಾಗಕ್ಕೆ ಪ್ಯಾರಲಾಯ್ಡ್ ಬಿ-72 (ಸಂರಕ್ಷಣೆಗೆ ಬಳಸುವ ಅಕ್ರಿಲಿಕ್ ರಾಳ), ಅಸಿಟೋನ್‌ನಲ್ಲಿ 3ರಿಂದ 5%, ಹನಿಹನಿಯಾಗಿ, ಮೊದಲು ಕಾಣದ ಕಡೆ ಪರೀಕ್ಷಿಸಿ. ಅಸಿಟೋನ್ ಬೇಗ ಆರಿದರೆ ರಾಳ ಮೇಲೆ ಬಂದು ಹೊಳೆಯುತ್ತದೆ. ಪಾಲಿಥೀನ್ ಸಡಿಲವಾಗಿ ಮುಚ್ಚಿ ನಿಧಾನಕ್ಕೆ ಆರಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಫೆವಿಕಾಲ್ ಕುರ್ಚಿಗೆ ಚಿನ್ನ, ಇಲ್ಲಿ ಬೇಡ. ಟಚ್‌ವುಡ್ ವಾರ್ನಿಷ್ ಬಾಗಿಲಿಗೆ ಇರಲಿ.

ನೆಟ್ಟಗೆ ನಿಲ್ಲಲಿ ಅಂತ ಬುಡ ಕೊಯ್ಯುವವರೂ ಇದ್ದಾರೆ. ಆ ಕೊಳೆತ ಗೆರೆಯೇ ಸಾಕ್ಷಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮರ ತಾಗುವ ಕಡೆ ಫೆಲ್ಟ್ ಅಂಟಿಸಿ. ಕೊಂಡ ಕಾಗದಪತ್ರವನ್ನೂ ಹುಡುಕಿಡಿ: ಇಂಡೊನೇಷ್ಯಾದ 2010ರ ಪರಂಪರೆ ಕಾನೂನಿನಡಿ ಸಂರಕ್ಷಿತ ವಸ್ತುವನ್ನು ಅನುಮತಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ.