ಪುಟ್ಟಿಯ ಕೆಳಗಿನ ತುಕ್ಕು: ಕಾಂಟೆಸ್ಸಾ ದುರಸ್ತಿಯ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಾಂಟೆಸ್ಸಾ ಕಾರನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳಲು ಹೊರಟವರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬಣ್ಣ, ಅಲಾಯ್ ಚಕ್ರ ಮತ್ತು ಎಂಜಿನ್‌ಗೆ ಸಂಬಂಧಿಸಿದವು. ತಗಡಿನ ಬಗ್ಗೆ ಕೇಳುವವರು ವಿರಳ. ಕೇಳುವವರೂ ತುಕ್ಕನ್ನು ತೆಗೆಯುವ ಬಗೆಯನ್ನಲ್ಲ, ಮುಚ್ಚುವ ಬಗೆಯನ್ನು ಕೇಳುತ್ತಾರೆ. ಆದ್ದರಿಂದ ಈ ಬಾರಿ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಸ್ಪ್ಯಾನರ್ ಹಿಡಿಯುವುದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ನುಗ್ಗುವವರು ದಯವಿಟ್ಟು ಮುಂದಕ್ಕೆ ಓದಬೇಡಿ.

ಪ್ರಶ್ನೆ: ಕಾಂಟೆಸ್ಸಾ ಭಾರತದ ಮಸಲ್ ಕಾರಲ್ಲವೇ, ಅಂದರೆ ಭಾರಿ ಬಲದ ಎಂಜಿನ್‌ನ ಕಾರಲ್ಲವೇ? ಅದಕ್ಕೆ ಎಂಟು ಸಿಲಿಂಡರ್‌ಗಳ ವಿ8 ಎಂಜಿನ್ ಕೂರಿಸಬಹುದೇ? (ಹುಬ್ಬಳ್ಳಿ)

ಮೈಕಟ್ಟು ನೋಡಿ ಹಾಗೆನ್ನುತ್ತಾರೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಹೊರತಂದ ಈ ಕಾರಿನಲ್ಲಿ ಮೊದಲಿಗೆ ಇದ್ದುದು ಅಂಬಾಸಿಡರ್‌ನ 1489 ಸಿಸಿ ಎಂಜಿನ್. ಅದರ ಬಲ ಸುಮಾರು 50 ಅಶ್ವಶಕ್ತಿ. ಕಾರಿನ ಗಾತ್ರಕ್ಕೆ ಒಂದಿಷ್ಟು ನ್ಯಾಯ ಸಿಕ್ಕಿದ್ದು 1817 ಸಿಸಿಯ ಇಸುಜು ಎಂಜಿನ್ ಬಂದ ಮೇಲೆ. ವಾಹನದ ಮಾರ್ಪಾಡಿನ ಕುರಿತ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಆರ್‌ಟಿಒ ಅನುಮತಿ ಕೈಗೆ ಬಂದ ಮೇಲೆ ಎಂಜಿನ್ ಬದಲಾವಣೆಯ ಮಾತಾಡೋಣ.

ಪ್ರಶ್ನೆ: 1990ರ ಕಾಂಟೆಸ್ಸಾ ಕೊಂಡಿದ್ದೇನೆ. ಬಾಗಿಲುಗಳ ಕೆಳಗಿನ ಸಿಲ್ ಮತ್ತು ಚಾಲಕನ ಕಾಲಡಿಯ ತಗಡು ಅಲ್ಲಲ್ಲಿ ತುಕ್ಕು ಹಿಡಿದಿವೆ. ಟಿಂಕರಿಂಗ್‌ನವರು ಮೇಲೊಂದು ತಗಡು ಬೆಸೆದು, ಪುಟ್ಟಿ ಹಾಕಿ, ಬಣ್ಣ ಹೊಡೆದರೆ ಸಾಕೆನ್ನುತ್ತಾರೆ. ರಸ್ಟ್ ಕನ್ವರ್ಟರ್ ಹಚ್ಚಿದರೆ ತುಕ್ಕು ಮತ್ತೆ ಲೋಹವಾಗುತ್ತದೆಂದು ಕೇಳಿದ್ದೇನೆ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? (ಉಡುಪಿ)

ತುಕ್ಕು ಮತ್ತೆ ಲೋಹವಾಗುವುದಿಲ್ಲ. ಕನ್ವರ್ಟರ್‌ನಲ್ಲಿರುವ ಫಾಸ್ಫಾರಿಕ್ ಆಮ್ಲವಾಗಲಿ ಟ್ಯಾನಿಕ್ ಆಮ್ಲವಾಗಲಿ ಮೇಲ್ಮೈಯ ತೆಳು ತುಕ್ಕನ್ನು ಬೇರೊಂದು ಸ್ಥಿರ ಪದರವಾಗಿ ಮಾರ್ಪಡಿಸುತ್ತದೆ, ಅಷ್ಟೆ. ಸವೆದುಹೋದ ತಗಡನ್ನು ಅದು ಹಿಂದಿರುಗಿಸುವುದಿಲ್ಲ. ಕಾರಿನ ಹೊಟ್ಟೆಯಡಿಗೆ ಸುಟ್ಟ ಎಂಜಿನ್ ಆಯಿಲ್ ಎರಚುವ ಪದ್ಧತಿಯೂ, ತುಕ್ಕಿನ ಮೇಲೆಯೇ ದಪ್ಪನೆಯ ರಬ್ಬರ್ ಕೋಟಿಂಗ್ ಬಳಿಯುವ ಪದ್ಧತಿಯೂ ಇದೇ ಸಾಲಿನವು. ಆ ಕೋಟಿಂಗ್ ಒಂದು ಕಡೆ ಬಿರುಕು ಬಿಟ್ಟರೆ ಸಾಕು, ಒಳಹೊಕ್ಕ ನೀರು ಹೊರಬರಲಾರದೆ ಕಣ್ಣಿಗೆ ಕಾಣದಂತೆ ತಗಡನ್ನು ತಿನ್ನುತ್ತದೆ. ಉಡುಪಿಯ ಕಡಲಗಾಳಿಯ ಉಪ್ಪಿಗಂತೂ ಅಷ್ಟು ಎಡೆ ಧಾರಾಳವಾಯಿತು.

ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ, ಅದರಲ್ಲಿಯೂ ಸಿಲ್‌ಗಳ ಪಾಲು ದೊಡ್ಡದು. ಸಿಲ್ ಒಳಗೆ ಟೊಳ್ಳಾಗಿರುವುದರಿಂದ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಹೆಬ್ಬೆರಳಷ್ಟು ಗುಳ್ಳೆ ಎದ್ದಿದ್ದರೆ ಒಳಗೆ ಗೇಣಗಲದ ತಗಡು ಹೋಗಿರಬಹುದು. ತೆಳು ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಸಿಲ್‌ನ ಉದ್ದಕ್ಕೂ ಜಾರಿಸಿ ನೋಡಿ. ಹಿಡಿತ ಸಡಿಲಗೊಂಡು ಅದು ಕೈಗೆ ಉದುರುವ ಜಾಗದಲ್ಲಿ ಇರುವುದು ಹಿಂದಿನ ಮಾಲೀಕರು ತುಂಬಿಸಿದ ಪುಟ್ಟಿ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಒತ್ತಿ. ತೂತಾಗುತ್ತದೆಂದು ಅಂಜುವವರಿದ್ದಾರೆ, ಒತ್ತಿದರೆ ತೂತಾಗುವ ತಗಡು ಒತ್ತದಿದ್ದರೂ ಭಾರ ಹೊರುವುದಿಲ್ಲ.

ಕತ್ತರಿಸುವ ಮೊದಲು ಕಾರನ್ನು ಸಮತಟ್ಟಾದ ನೆಲದಲ್ಲಿ, ಸಸ್ಪೆನ್ಷನ್ ಭಾಗಗಳ ಅಡಿಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಬಾಗಿಲುಗಳ ಸುತ್ತಲಿನ ಸಂದು ಎಲ್ಲೆಡೆ ಒಂದೇ ಸಮ ಇದೆಯೇ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಅನಂತರ ಬಾಗಿಲು ಕಳಚಿ, ಆ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಕೊಳವೆಗಳನ್ನು ಬೆಸೆದು ಬಿಗಿಗೊಳಿಸಬೇಕು. ಎರಡೂ ಬದಿಯ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಲೇಕೂಡದು. ಕತ್ತರಿಸಿದ ಮೇಲೆ ನಡು ಕುಸಿದರೆ ಬಾಗಿಲುಗಳು ಮತ್ತೆ ನೇರವಾಗಿ ಮುಚ್ಚುವುದಿಲ್ಲ, ಚಕ್ರಗಳ ಅಲೈನ್‌ಮೆಂಟ್ ಕೂಡ ಕೈಗೆ ಸಿಗುವುದಿಲ್ಲ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಕಾರ್ಪೆಟ್ ಮತ್ತು ಅದರಡಿಯ ಡಾಂಬರು ಹಾಳೆ ಹೊರಗಿರಬೇಕು. ಟ್ಯಾಂಕ್ ಖಾಲಿ ಮಾಡಿದ್ದೇನೆಂಬುದು ಸಮಜಾಯಿಷಿಯಲ್ಲ, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯಕಾರಿ.

ಕೊಳೆತ ತಗಡನ್ನು ಹೊಳೆಯುವ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯಿರಿ. ಅದರ ಮೇಲೆಯೇ ಹೊಸ ತಗಡು ಬೆಸೆದರೆ ನಡುವೆ ನೀರು ನಿಲ್ಲುವ ಜೇಬೊಂದು ಸಿದ್ಧವಾಗುತ್ತದೆ, ಅಷ್ಟೆ. ಹಳೆಯ ತಗಡಿನ ಗಟ್ಟಿ ಭಾಗವನ್ನು ಕ್ಯಾಲಿಪರ್‌ನಿಂದ ಅಳೆದು ಅದೇ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ತನ್ನಿ. ಜಿಂಕ್ ಲೇಪನದ ಶೀಟ್ ಬೆಸೆಯುವಾಗ ಏಳುವ ಹೊಗೆ ಜ್ವರ ತರಿಸುತ್ತದೆ. ಗ್ಯಾಸ್ ವೆಲ್ಡಿಂಗ್‌ನ ಶಾಖ ಅಗಲಕ್ಕೆ ಹರಡಿ ತಗಡನ್ನು ಸೊಟ್ಟ ಮಾಡುವುದರಿಂದ ಮಿಗ್ ವೆಲ್ಡಿಂಗ್ (ತಂತಿ ಹರಿಸುತ್ತಾ ವಿದ್ಯುತ್ತಿನಿಂದ ಬೆಸೆಯುವುದು) ಆಗಲೇಬೇಕು, ಅದೂ ಒಂದೇ ಗೆರೆಯಾಗಿ ಎಳೆಯದೆ ದೂರದೂರ ಚುಕ್ಕೆಯಿಟ್ಟು, ಆರಲು ಬಿಟ್ಟು, ನಡುವಿನ ಜಾಗವನ್ನು ಆಮೇಲೆ ತುಂಬುತ್ತಾ ಹೋಗಬೇಕು. ಬಳಿಕ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಬಣ್ಣವೆಲ್ಲ ಮುಗಿದ ಮೇಲೆ ಸಿಲ್‌ನ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ನೀರು ಹೊರಹೋಗುವ ತೂತುಗಳನ್ನು ಈ ಗಡಿಬಿಡಿಯಲ್ಲಿ ಮುಚ್ಚಿಬಿಡುವವರೇ ಹೆಚ್ಚು. ಪುಟ್ಟಿಗೂ ಜಾಗವಿದೆ, ಆದರೆ ಗಟ್ಟಿ ತಗಡಿನ ಸಣ್ಣ ತಗ್ಗು ಸಮಮಾಡಲು ಮಾತ್ರ.

ಮನೆಯಲ್ಲಿ ಮಾಡಬಹುದೇ ಎಂಬುದಕ್ಕೆ ನನ್ನ ಉತ್ತರ: ಬಿಚ್ಚುವುದು, ಕೆರೆಯುವುದು, ಪ್ರೈಮರ್, ವ್ಯಾಕ್ಸ್ ನಿಮ್ಮವು, ಸಿಲ್‌ನ ಬೆಸುಗೆ ನಿಮ್ಮದಲ್ಲ. ನಾನು ಅತಿ ಎಚ್ಚರಿಕೆಯವನೆಂದು ಕೆಲವರು ಹೇಳುವುದುಂಟು, ಹೇಳಲಿ. ಗುಜರಿ ತಗಡಿನ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸದವರು ಭಾರ ಹೊರುವ ಭಾಗವನ್ನು ಮುಟ್ಟಬಾರದು. ನಿಮ್ಮ ಟಿಂಕರಿಂಗ್‌ನವರು ಕೊಳೆತದ್ದನ್ನು ಕತ್ತರಿಸಲು ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಹಾಕಿದರೆ ಕಾರ್ಬುರೇಟರ್ ಕರಗಿಹೋಗುತ್ತದೆಯೇ? (ಮೈಸೂರು)

ಕರಗುವುದಿಲ್ಲ. ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್ ಮತ್ತು ಸೀಲ್‌ಗಳು ಊದಿಕೊಂಡು ಕೆಡಬಹುದು, ಆದ್ದರಿಂದ ಅವನ್ನು ಎಥನಾಲ್ ತಡೆಯುವಂಥವುಗಳಿಂದ ಬದಲಿಸಿ. ಎಥನಾಲ್ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿಗೆ ಅದು ಕೇಡು. ಎಲ್ಲವನ್ನೂ ಸರಿಪಡಿಸುತ್ತವೆಂದು ಮಾರುವ ಬಾಟಲಿ ದ್ರಾವಣಗಳಿಗೆ ಹಣ ಸುರಿಯುವ ಬದಲು ಹೋಸ್‌ಗೆ ಒಳ್ಳೆಯ ಕ್ಲಿಪ್ ಕೊಳ್ಳಿ.

ಪ್ರಶ್ನೆ: ವಿಂಟೇಜ್ ನೋಂದಣಿ ಮಾಡಿಸಿದರೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ತೊಂದರೆ ತಪ್ಪುತ್ತದೆಯೇ? (ದಾವಣಗೆರೆ)

2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. ಯಾವ ಕಾಂಟೆಸ್ಸಾಗೂ 2034ಕ್ಕಿಂತ ಮೊದಲು ಆ ವಯಸ್ಸು ಬರುವುದಿಲ್ಲ. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಳ್ಳಿ. ತಪಾಸಣೆಗೆ ಒಯ್ಯುವ ಮುನ್ನ ಬ್ರೇಕ್‌ನ ವ್ಹೀಲ್ ಸಿಲಿಂಡರ್‌ಗಳನ್ನು ಬಿಚ್ಚಿ ನೋಡಿ.