ಮಠದ ಶಾಲೆಯ ಪ್ರಾರ್ಥನೆಯಿಂದ ಮಗನಿಗೆ ವಿನಾಯಿತಿ ಸಿಗುತ್ತಾ?

ನಮಸ್ಕಾರ ಸರ್. ಬಾಗಲಕೋಟೆ ಕಡೆಯ ಮಠದ ಅನುದಾನಿತ ಶಾಲೆ, ಐದನೇ ಇಯತ್ತೆ ಮಗ, ಮುಂಜಾನೆ ವಿಭೂತಿ ಹಚ್ಚಿ ಪೂಜೆಗೆ ಕೂರಿಸ್ತಾರೆ, ಮುಸ್ಲಿಂ ಮನೆಯವರಾದ ನಾವು ಬ್ಯಾಡ ಅನ್ನಬಹುದಾ ಅಂತ ಕೇಳೀರಿ. ಧಾರಾಳವಾಗಿ ಅನ್ನಬಹುದು. ಸಂವಿಧಾನದ 28(3)ನೇ ವಿಧಿ ಪ್ರಕಾರ, ಮಾನ್ಯತೆ ಅಥವಾ ಅನುದಾನ ಇರುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆ, ಧರ್ಮಬೋಧೆಗೆ ಕೂರಿಸುವಂತಿಲ್ಲ.

ಮೊದಲು ಪ್ರವೇಶ ಅರ್ಜಿ ತೆಗೆದು ನೋಡ್ರಿ. ‘ಸಂಸ್ಥೆಯ ಎಲ್ಲ ಕಾರ್ಯಕ್ರಮಗಳಿಗೆ ಒಪ್ಪಿಗೆ ಇದೆ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಇದ್ದರೆ, ಅದನ್ನೇ ಮುಂದೆ ಹಿಡೀತಾರೆ. ಆ ಒಪ್ಪಿಗೆ ಪೂಜೆಗೆ ಅನ್ವಯಿಸದು ಅಂತ ಮುಖ್ಯಾಧ್ಯಾಪಕರಿಗೆ ಪತ್ರ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಲೆಯ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತು ಹೊಸ ಮಾಸ್ತರು ಬಂದ ದಿನವೇ ಮುಗೀತು.

ಎಡವೋದು ಪತ್ರದ ಒಕ್ಕಣೆಯಲ್ಲಿ. ‘ಧಾರ್ಮಿಕ ವಿಷಯದಿಂದ ಬಿಡಿ’ ಅಂತ ಮೊಗಮ್ಮಾಗಿ ಬರೆದರೆ, ಕನ್ನಡ ಪುಸ್ತಕದ ಬಸವಣ್ಣನ ವಚನ ಬಂದಾಗಲೂ ಹುಡುಗನನ್ನು ಹೊರಗೆ ಕಳಿಸಿಬಿಟ್ಟಾರು! ಅದು ಪಠ್ಯ, ಪರೀಕ್ಷೆಗೆ ಬರೋದು. ಹಾಗಾಗಿ ಬಿಡಿಸಿ ಬರೀರಿ: ವಿಭೂತಿ ಹಚ್ಚಬಾರದು, ಪೂಜೆಗೆ ಕೂರಿಸಬಾರದು, ಪ್ರಾರ್ಥನೆ ವೇಳೆ ತನ್ನ ಸಾಲಿನಲ್ಲೇ ಸುಮ್ಮನೆ ನಿಲ್ಲುತ್ತಾನೆ, ನಾಡಗೀತೆ, ರಾಷ್ಟ್ರಗೀತೆ ಹಾಡುತ್ತಾನೆ. ‘ತನ್ನ ಸಾಲಿನಲ್ಲೇ’ ಅನ್ನೋದು ಬಿಡಬ್ಯಾಡ್ರಿ. ಇಲ್ಲದಿದ್ದರೆ ವರಾಂಡದಾಗ ಒಬ್ಬನೇ ನಿಂತು, ಶಿಕ್ಷೆ ಆದವನಂಗ ಕಾಣ್ತಾನ.

ಸುಮ್ಮನೆ ನಿಂತರೆ ಅಗೌರವ ಅಂದರೆ, 1986ರ ಬಿಜೋ ಇಮ್ಯಾನುಯೆಲ್ ತೀರ್ಪು ಹೇಳಿ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಹಾಡದೇ ಇದ್ದ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅಷ್ಟಕ್ಕೂ ಒಪ್ಪದಿದ್ದರೆ ಸಿಕ್ಕಾ ಇರುವ ಪ್ರತಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗ್ರಿ.

ದಾಸೋಹದ ಊಟ ಮಾತ್ರ ನಿಮಗೆ ಬಿಟ್ಟದ್ದು. ರೊಟ್ಟಿ, ಪಲ್ಯ ಉಣ್ಣೋದಕ್ಕೆ ಪತ್ರ ಯಾಕ್ರಿ?